ತೂಕ ಇಳಿದರೂ ಮನಸ್ಸಿನಲ್ಲಿ ಉಳಿಯುವ ದೇಹ
(ಸಂಘದ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣ)



ತೂಕ ಇಳಿಸುವುದು ಹೇಗೆಂದು ಹೇಳಲು ಈಗ ಊರ ತುಂಬ ಜನರಿದ್ದಾರೆ. ಇಳಿಸಿದವರ ಮನಸ್ಸಿನಲ್ಲಿ ಆಮೇಲೆ ಏನು ನಡೆಯುತ್ತದೆ ಎಂದು ಕೇಳುವವರು ಕಡಿಮೆ. ಅದರ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

85 ಕಿಲೋ ಇದ್ದವರು 65ಕ್ಕೆ ಇಳಿದಿರುತ್ತಾರೆ. ಆದರೂ ಬಟ್ಟೆಯಂಗಡಿಯಲ್ಲಿ ಕೈ ಹಳೆಯ ಅಳತೆಯ ಕಡೆಗೇ ಹೋಗುತ್ತದೆ. ಬಸ್ಸಿನಲ್ಲಿ ಇಬ್ಬರ ನಡುವೆ ಜಾಗವಿದ್ದರೂ ಕೂರಲು ಅಂಜಿಕೆ. ಗುಂಪು ಫೋಟೋದಲ್ಲಿ ಈಗಲೂ ಹಿಂದಿನ ಸಾಲು. ಮನೆಯವರು ಇದನ್ನು ನಾಟಕ ಎನ್ನುತ್ತಾರೆ. ನಾಟಕವಲ್ಲ. ನಮ್ಮ ದೇಹದ ಒಂದು ಚಿತ್ರ ನಮ್ಮ ಮನಸ್ಸಿನೊಳಗೂ ಇರುತ್ತದೆ ಎಂದು ಮನೋವೈದ್ಯ ಪೌಲ್ ಶಿಲ್ಡರ್ 1935ರಲ್ಲಿಯೇ ಬರೆದಿದ್ದರು. ತಕ್ಕಡಿ ಬದಲಾದಷ್ಟು ಬೇಗ ಆ ಚಿತ್ರ ಬದಲಾಗುವುದಿಲ್ಲ. ಅಮೆರಿಕದ ಥಾಮಸ್ ಕ್ಯಾಶ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಿಂದೆ ದಪ್ಪಗಿದ್ದು ಸಣ್ಣಗಾದ ಮಹಿಳೆಯರು ತೂಕದ ಚಿಂತೆಯ ಮಟ್ಟಿಗೆ ಇನ್ನೂ ದಪ್ಪಗಿರುವವರನ್ನೇ ಹೋಲುತ್ತಿದ್ದರು.

ಈ ಚಿತ್ರ ಬರೆದವರು ಯಾರು? ಬಹುಪಾಲು ನಾವೇ. ‘ಗುಂಡ’, ‘ಡ್ರಮ್ಮು’, ‘ಆನೆಮರಿ’ ಎಂದು ಪ್ರೀತಿಯಿಂದಲೇ ಕರೆದಿರುತ್ತೇವೆ. ಹೆಣ್ಣು ನೋಡಲು ಬಂದವರು ಬಾಗಿಲಲ್ಲೇ ಅಳೆದಿರುತ್ತಾರೆ. ಮಗು ಸಣ್ಣಗಾದರೂ ನಾವು ಬಿಡುವುದಿಲ್ಲ. ‘ಏನು, ಶುಗರಾ?’, ‘ಮುಖದ ಕಳೆಯೇ ಹೋಯಿತಲ್ಲ!’ ಹೊಗಳಿಕೆಯೂ ಕೆಲವೊಮ್ಮೆ ಚುಚ್ಚುತ್ತದೆ. ‘ಈಗ ಚೆನ್ನಾಗಿ ಕಾಣ್ತೀಯ’ ಎಂದರೆ ಆ ಹುಡುಗಿ ಒಳಗೇ ಲೆಕ್ಕ ಹಾಕುತ್ತಾಳೆ: ಹಾಗಾದರೆ ಮೊದಲು ಹೇಗಿದ್ದೆ? ಮತ್ತೆ ದಪ್ಪವಾದರೆ ಇವರು ಏನೆನ್ನುತ್ತಾರೆ?

ಇನ್ನೊಂದು ವಿಷಯ ಚರ್ಮದ್ದು. ತುಂಬಾ ತೂಕ ಇಳಿದಾಗ ಹೊಟ್ಟೆ, ತೋಳುಗಳ ಚರ್ಮ ಸಡಿಲವಾಗಿ ಜೋಲುವುದುಂಟು. ಅನೇಕರು ಅದನ್ನು ಉಳಿದ ಕೊಬ್ಬೆಂದು ತಿಳಿದು ಊಟವನ್ನು ಇನ್ನಷ್ಟು ಕಡಿಮೆ ಮಾಡುತ್ತಾರೆ. ಉಪವಾಸದಿಂದ ಚರ್ಮ ಬಿಗಿಯಾಗುವುದಿಲ್ಲ.

ವಿದ್ಯಾರ್ಥಿಗಳೇ, ನನಗೆ ಹೆಚ್ಚು ಆತಂಕ ತರುವುದು ಇದೇ. ಬೇಕಾದಷ್ಟು ತೂಕ ಇಳಿದ ಮೇಲೂ ‘ಇನ್ನೆರಡು ಕಿಲೋ’ ಎನ್ನುವ ಹಟ. ದಿನಕ್ಕೆ ನಾಲ್ಕು ಸಲ ತೂಕ ನೋಡುವುದು, ಎಲ್ಲರೊಂದಿಗೆ ಊಟಕ್ಕೆ ಕೂರದೆ ತಪ್ಪಿಸಿಕೊಳ್ಳುವುದು, ತಿಂದದ್ದನ್ನು ವಾಂತಿ ಮಾಡುವುದು, ತಲೆಸುತ್ತು, ಕೂದಲು ಉದುರುವುದು, ಹುಡುಗಿಯರಲ್ಲಿ ಮುಟ್ಟು ನಿಲ್ಲುವುದು. ಇವು ಕಂಡರೆ ವೈದ್ಯರ ಬಳಿ ಹೋಗಲೇಬೇಕು. ಹುಡುಗರಿಗೂ ಇದು ಬರುತ್ತದೆ. ಅವರು ಹೇಳಿಕೊಳ್ಳುವುದಿಲ್ಲ, ಅಷ್ಟೇ. ತಾಯಂದಿರು ಮುಟ್ಟಿನ ವಿಷಯವನ್ನು ನಾಚಿಕೆಯಿಂದ ಮುಚ್ಚಿಡಬಾರದು.

ಹಳೆಯ ಅಳತೆಯ ಬಟ್ಟೆಗಳನ್ನು ‘ಮತ್ತೆ ಬೇಕಾದೀತು’ ಎಂದು ಕಪಾಟಿನಲ್ಲಿ ಇಡಬೇಡಿ, ಬೇಕಾದವರಿಗೆ ಕೊಟ್ಟುಬಿಡಿ. ಮೈಗೆ ಸರಿಹೊಂದುವ ಒಂದು ಜೊತೆ ಹೊಲಿಸಿಕೊಳ್ಳಿ. ಮನೆಯಲ್ಲಿ ಹೇಳಿಕೊಳ್ಳಲಾಗದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 2022ರಲ್ಲಿ ಆರಂಭವಾದದ್ದು. ಸಂಖ್ಯೆ 14416. ಕರೆ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಬರೆದುಕೊಳ್ಳಿ.