ಲಕ್ವ ಹೊಡೆದಾಗ ಹೆಂಗಸಿನ ಮಾತು ಯಾರು ಕೇಳುತ್ತಾರೆ?

(ಮಹಿಳಾ ಸಂಘಗಳ ಸಭೆಯೊಂದರಲ್ಲಿ ಆಡಿದ ಮಾತು)

ಅಕ್ಕತಂಗಿಯರೇ,

ವರದಕ್ಷಿಣೆ, ಹೊಡೆತ ಬಡಿತದ ಮಾತು ಬಿಟ್ಟು ಇವಳೇಕೆ ಲಕ್ವದ ಮಾತು ತೆಗೆದಳು ಅನ್ನಬೇಡಿ. ಹೆಂಗಸು ಹೇಳಿದ್ದನ್ನು ನಂಬದೇ ಇರುವುದು ಎರಡೂ ಕಡೆ ಇದೆ.

ನಮ್ಮಕ್ಕನಿಗೆ ಆಗ 52 ವರ್ಷ. ಬೆಳಿಗ್ಗೆ 7 ಗಂಟೆಗೆ ಕೈಯಲ್ಲಿದ್ದ ಚೊಂಬು ಜಾರಿ ಬಿತ್ತು. ‘ತಲೆ ಸುತ್ತುತ್ತೆ, ಈ ಕೈ ನನ್ನದೇ ಅಲ್ಲ ಅನ್ನಿಸುತ್ತೆ’ ಎಂದಳು. ಹಿಂದಿನ ರಾತ್ರಿ ಮನೆಯಲ್ಲಿ ಜಗಳವಾಗಿತ್ತು. ‘ಸಿಟ್ಟಿಗೆ ಹೀಗಾಡ್ತಾಳೆ’ ಅಂದರು ಭಾವ. ಅವಳ ಅತ್ತೆ ನಿಂಬೆಹಣ್ಣು ನಿವಾಳಿಸಿದರು. ನಾನಾದರೂ ಏನು ಮಾಡಿದೆ? ಕಾಫಿ ಕುಡಿಸಲು ಹೋದೆ. ಅದು ಬಾಯಿಯ ಒಂದೇ ಬದಿಯಿಂದ ಸೋರಿತು. ಆಗಲೂ ನನಗೆ ತಿಳಿಯಲಿಲ್ಲ. 10 ಗಂಟೆಗೆ ಬಾಡಿಗೆಯ ಖಾಸಗಿ ಆಂಬುಲೆನ್ಸ್ ಬಂತು. ಅದರಲ್ಲಿದ್ದವನು ಅಕ್ಕನನ್ನು ಏನೂ ಕೇಳದೆ ಭಾವನನ್ನು ಕೇಳಿದ. ‘ಟೆನ್ಷನ್ ಇರಬೇಕು ಸಾರ್’ ಎಂದು ಹತ್ತಿರದ ಸಣ್ಣ ನರ್ಸಿಂಗ್ ಹೋಮಿಗೆ ಇಳಿಸಿಹೋದ. ಅಲ್ಲಿ ಸ್ಕ್ಯಾನ್ ಇಲ್ಲ. ಸ್ಕ್ಯಾನ್ ಇದ್ದ ಆಸ್ಪತ್ರೆ ಮುಟ್ಟಿದಾಗ ಮಧ್ಯಾಹ್ನ 2 ಗಂಟೆ.

ಮಿದುಳಿನ ದೊಡ್ಡ ರಕ್ತನಾಳ ಹೆಪ್ಪಿನಿಂದ ಕಟ್ಟಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಆದರೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದಕ್ಕೂ ಮೊದಲು ಒಳಗೆ ರಕ್ತ ಸೋರಿಲ್ಲವೆಂದು ಸ್ಕ್ಯಾನ್ ಮಾಡಿ ನೋಡಬೇಕು. ಅಕ್ಕನ ಪಾಲಿಗೆ ಆ ಹೊತ್ತು ಮೀರಿತ್ತು. ಈಗ ಸಂಘದ ಪುಸ್ತಕಕ್ಕೆ ಎಡಗೈಯಲ್ಲಿ ರುಜು ಹಾಕುತ್ತಾಳೆ.

ಇದು ನಮ್ಮ ಹಳ್ಳಿಯ ಅಜ್ಞಾನ ಅಂದುಕೊಂಡಿದ್ದೆ. ಅಲ್ಲ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 2005ರಿಂದ 2018ರವರೆಗೆ ಲಕ್ವವಾಗಿ ಆಸ್ಪತ್ರೆ ಸೇರಿದ 2 ಲಕ್ಷಕ್ಕೂ ಹೆಚ್ಚು ಜನರ ದಾಖಲೆಗಳನ್ನು ನೋಡಿ 2022ರಲ್ಲಿ ಪ್ರಕಟಿಸಿದ್ದಾರೆ. ಆಂಬುಲೆನ್ಸಿನಲ್ಲಿ ಬಂದವರಲ್ಲಿ, 70 ವರ್ಷದೊಳಗಿನ ಹೆಂಗಸರಿಗೆ ಆಗಿರುವುದು ಲಕ್ವ ಎಂದು ಸಿಬ್ಬಂದಿ ಗುರುತಿಸಿದ್ದು ಗಂಡಸರಿಗಿಂತ ಕಡಿಮೆ. ಹೆಂಗಸರಿಗೆ ಮೈಗ್ರೇನ್, ತಲೆನೋವು, ಆತಂಕ, ವಾಕರಿಕೆ ಎಂದು ಬರೆದುಕೊಂಡದ್ದು ಹೆಚ್ಚು. ಅಷ್ಟೆಲ್ಲಾ ತರಬೇತಿ ಪಡೆದವರೇ ಹೀಗಾದರೆ!

ಅದಕ್ಕೇ ಹೇಳುತ್ತೇನೆ, ಮುಖ ಸೊಟ್ಟಗಾಯಿತೇ, ಎರಡೂ ಕೈ ಎತ್ತಿಸಿದರೆ ಒಂದು ಕೆಳಗೆ ಜಾರುತ್ತದೆಯೇ, ಮಾತು ತೊದಲುತ್ತದೆಯೇ ನೋಡಿ. ಇದ್ದಕ್ಕಿದ್ದಂತೆ ದೃಷ್ಟಿ ಮಂಜಾದರೂ, ಓಲಾಡಿದರೂ, ಗಲಿಬಿಲಿಗೊಂಡರೂ ಸುಸ್ತು ಎಂದು ಮಲಗಿಸಬೇಡಿ. 108ಕ್ಕೆ ಫೋನ್ ಮಾಡಿ, ‘ಲಕ್ವ ಇರಬಹುದು’ ಎಂದೇ ಹೇಳಿ. ಕೊನೆಯ ಸಲ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಎಂದು ಚೀಟಿಯಲ್ಲಿ ಬರೆದುಕೊಡಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ಕರೆದೊಯ್ಯಲು ಕೇಳಿ. ಕುಡಿಯಲು, ತಿನ್ನಲು ಏನೂ ಕೊಡಬೇಡಿ, ಗಂಟಲಿಗೆ ಸಿಕ್ಕುತ್ತದೆ. ಪಾರಿವಾಳದ ರಕ್ತ ಹಚ್ಚುತ್ತಾ ಕೂರುವುದಂತೂ ಬೇಡವೇ ಬೇಡ.

ಈ ಸಭೆಯಲ್ಲೇ ಹೇಳಬೇಕಾದ ಇನ್ನೊಂದಿದೆ. ಗಂಡ ಕತ್ತು ಹಿಸುಕಿದಾಗ ಕತ್ತಿನ ರಕ್ತನಾಳದ ಒಳಪದರ ಹರಿಯಬಹುದು. ಅಲ್ಲಿ ಹೆಪ್ಪುಗಟ್ಟಿ, ಕೆಲವು ದಿನಗಳ ನಂತರ, ಚಿಕ್ಕ ವಯಸ್ಸಿನವಳಿಗೂ ಲಕ್ವ ಹೊಡೆಯಬಹುದು. ಹೊರಗೆ ಗಾಯದ ಗುರುತೇ ಇರದಿರಬಹುದು. ಕತ್ತು ಹಿಸುಕಿದ್ದನ್ನು ಆಂಬುಲೆನ್ಸಿನವರಿಗೂ ವೈದ್ಯರಿಗೂ ಬಾಯಿಬಿಟ್ಟು ಹೇಳಬೇಕು. ಗಂಡ ಪಕ್ಕದಲ್ಲೇ ಕೂತಿದ್ದರೆ ಅವಳು ಹೇಗೆ ಹೇಳಿಯಾಳು? ಅದಕ್ಕೆ ಸಂಘದ ಒಬ್ಬಳು ಅವಳ ಜೊತೆ ಗಾಡಿ ಹತ್ತಬೇಕು. ಯಾರು ಹತ್ತುತ್ತೀರಿ, ಮುಂದಿನ ವಾರದ ಸಭೆಯಲ್ಲಿ ಹೆಸರು ಬರೆಸಿ.