ನೇಕಾರನ ಇಬ್ಬರು ಮಕ್ಕಳು

ಪ್ಯಾರಿಸಿನ ಉತ್ತರಕ್ಕೆ ಸುಮಾರು 80 ಕಿಲೋಮೀಟರು ದೂರದಲ್ಲಿ ಸ್ಯಾಂ-ಝೂಸ್ತ್-ಆಂ-ಶೋಸೆ ಎಂಬ ಊರಿದೆ. ಹೆಸರು ಉದ್ದ, ಊರು ಚಿಕ್ಕದು. ಆದರೆ ಅಂಧರೊಬ್ಬರು ಬೆರಳಾಡಿಸಿ ಪುಸ್ತಕ ಓದುವುದನ್ನು ನೀವು ಕಂಡಿದ್ದರೆ, ಆ ಓದಿನ ಬೇರು ಈ ಊರಿನ ಬಡ ನೇಕಾರನೊಬ್ಬನ ಮನೆಯಲ್ಲಿದೆಯೆಂದು ತಿಳಿಯಿರಿ.

ಆ ಮನೆತನದ ಹೆಸರು ಆವೀ. ಹಿರಿಯ ಮಗ ರೆನೆ 1743ರಲ್ಲಿ, ಕಿರಿಯ ವಾಲಾಂತೀನ್ 1745ರಲ್ಲಿ ಹುಟ್ಟಿದರು. ಮಠದ ಪಾದ್ರಿಗಳ ನೆರವಿಲ್ಲದಿದ್ದರೆ ಇಬ್ಬರೂ ಮಗ್ಗದ ಮುಂದೆಯೇ ಕೂರುತ್ತಿದ್ದರೋ ಏನೋ!

ರೆನೆ ಪಾದ್ರಿಯಾದ, ಉಪಾಧ್ಯಾಯನಾದ. ಒಮ್ಮೆ ಸ್ನೇಹಿತನ ಮನೆಯಲ್ಲಿ ಅವನ ಕೈಯಿಂದ ಒಂದು ಹರಳು ಜಾರಿ ಒಡೆಯಿತಂತೆ. ಚೂರಿನ ಮುಖಗಳು ಬೇರೊಂದು ಆಕಾರದವು. ಮನೆಗೆ ಬಂದವನೇ ತನ್ನ ಹರಳುಗಳನ್ನೂ ಒಡೆದು ನೋಡಿದ. ಸ್ಫಟಿಕಶಾಸ್ತ್ರ ಮೊಳೆತದ್ದು ಹೀಗೆ. 1792ರಲ್ಲಿ ಕ್ರಾಂತಿಕಾರರು ಅವನನ್ನು ಸೆರೆಗೆ ಹಾಕಿದರು. ಶಿಷ್ಯ ಜೆಫ್ರ್ವಾ ಸ್ಯಾಂತ್-ಇಲೇರನ ಪ್ರಯತ್ನದಿಂದ ತಲೆ ಉಳಿಯಿತು.

ತಮ್ಮನ ಕಥೆ ಇನ್ನೂ ಹೃದಯಕ್ಕೆ ಹತ್ತಿರ. 1771ರಲ್ಲಿ ಪ್ಯಾರಿಸಿನ ಜಾತ್ರೆಯೊಂದರಲ್ಲಿ ಅಂಧ ವಾದ್ಯಗಾರರಿಗೆ ಕತ್ತೆಯ ಕಿವಿಗಳನ್ನೂ ದೊಡ್ಡ ರಟ್ಟಿನ ಕನ್ನಡಕಗಳನ್ನೂ ತೊಡಿಸಿ, ನಗುವ ಜನರ ಮುಂದೆ ಕೂರಿಸಿದ್ದರು. ವಾಲಾಂತೀನನಿಗೆ ನಗು ಬರಲಿಲ್ಲ. ಇವರಿಗೇಕೆ ಓದು ಕಲಿಸಬಾರದು ಎಂಬ ಯೋಚನೆ ಹತ್ತಿತು. ಹದಿಮೂರು ವರ್ಷದ ಮೇಲೆ, ಚರ್ಚಿನ ಬಾಗಿಲಲ್ಲಿ ಬೇಡುತ್ತಿದ್ದ ಲೆಸ್ಯೂರ್ ಎಂಬ ಅಂಧ ಹುಡುಗನನ್ನು ಕರೆದ. ಪಾಠಕ್ಕೆ ಬಂದರೆ ಅವನ ಮನೆಯವರ ಊಟಕ್ಕೇನು ಗತಿ? ಭಿಕ್ಷೆಯಲ್ಲಿ ಸಿಗುತ್ತಿದ್ದಷ್ಟು ಹಣವನ್ನು ತಾನೇ ಕೊಡುವೆನೆಂದ. ಮೇಷ್ಟರೇ ಶಿಷ್ಯನಿಗೆ ಸಂಬಳ ಕೊಟ್ಟ ಶಾಲೆಯಿದು! ಕಾಗದದ ಮೇಲೆ ಉಬ್ಬಿದ ಅಕ್ಷರವನ್ನು ಬೆರಳಿಂದ ಮುಟ್ಟಿ ಗುರುತಿಸಬಹುದೆಂಬುದು ಈ ಹುಡುಗನಿಂದಲೇ ಗೊತ್ತಾಯಿತೆನ್ನುತ್ತಾರೆ. 1785ರಲ್ಲಿ ಶಾಲೆ ನೆಲೆಗೊಂಡಿತು. ಉಬ್ಬಕ್ಷರದ ಪುಸ್ತಕಗಳು ಅಚ್ಚಾದವು.

ಪುಸ್ತಕಗಳು ಭಾರ, ಓದು ನಿಧಾನ, ಬರೆಯುವುದಂತೂ ಕಷ್ಟ. ಈ ಕೊರತೆಯನ್ನು ನೀಗಿಸಿದವನು ಅದೇ ಶಾಲೆಗೆ 1819ರಲ್ಲಿ ಸೇರಿದ ಲೂಯಿ ಬ್ರೈಲ್. ಆರು ಚುಕ್ಕಿಗಳ ಅವನ ಲಿಪಿಯಲ್ಲಿಯೇ ಇಂದು ಕನ್ನಡವನ್ನೂ ಓದುತ್ತಾರೆ.

ವಾಲಾಂತೀನನನ್ನು ಮಾತ್ರ ಸರ್ಕಾರ ಶಾಲೆಯಿಂದ ಹೊರಗಿಟ್ಟಿತು. ರಷ್ಯಾದಲ್ಲಿ ಹನ್ನೊಂದು ವರ್ಷ ಕಳೆದು, 1817ರಲ್ಲಿ ಮರಳಿ ಅಣ್ಣನ ಮನೆ ಸೇರಿದ. ತಾನು ಕಟ್ಟಿದ ಶಾಲೆ 1821ರಲ್ಲಿ ಕೊನೆಗೂ ಅವನನ್ನು ಕರೆಸಿ ಸನ್ಮಾನಿಸಿತು. ಆಗ ಬ್ರೈಲ್ ಅಲ್ಲಿ ಹನ್ನೆರಡು ವರ್ಷದ ವಿದ್ಯಾರ್ಥಿ. ಮರುವರ್ಷ ಮಾರ್ಚಿಯಲ್ಲಿ ತಮ್ಮ, ಜೂನಿನಲ್ಲಿ ಅಣ್ಣ ತೀರಿಕೊಂಡರು.