ಮುಚ್ಚಳಿಕೆಗೆ ರುಜು ಹಾಕುವ ಮುನ್ನ



ಬೆಳಗಾವಿಯ ಪಾರ್ವತಿನಗರದಂಥ ಬಡಾವಣೆಯಲ್ಲಿ ಶಾಂತಿಭಂಗ ಎಂದರೆ ದೊಂಬಿಯಲ್ಲ. ಕಾಂಪೌಂಡ್ ಗೋಡೆ, ನಳದ ನೀರು, ಬೈಕ್ ನಿಲ್ಲಿಸುವ ಜಾಗ, ಇಷ್ಟಕ್ಕೇ ಎರಡು ಮನೆಯವರು ಬೀದಿಗಿಳಿದು ಬೈದಾಡುತ್ತಾರೆ. ಮರುದಿನ ಇಬ್ಬರ ಮೇಲೂ 'ನೂರೇಳು ಹಾಕ್ಯಾರಂತ' ಎಂಬ ಸುದ್ದಿ. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದು, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಆ 107ನೇ ಕಲಂ ಈಗ 126 ಆಗಿದೆ. ಜನರ ಬಾಯಲ್ಲಿ ಮಾತ್ರ ಇನ್ನೂ ನೂರೇಳೇ.

ಈ ಕಲಮಿನಲ್ಲಿ ನೀವು ಆರೋಪಿಯೇ ಅಲ್ಲ. ಮುಂದೆ ಗಲಾಟೆ ಮಾಡೀರಿ ಎಂಬ ಶಂಕೆಯಷ್ಟೇ ಇರುವುದು. ಆದ್ದರಿಂದ 'ತಪ್ಪಾಯ್ತು ಸಾರ್' ಎನ್ನುವ ಪ್ರಸಂಗವೇ ಇಲ್ಲ. ಆದರೆ ನಡೆಯುವುದೇನು? ತಹಶೀಲ್ದಾರರ ಮುಂದೆ, ಅಂದರೆ ತಾಲ್ಲೂಕು ಕಾರ್ಯನಿರ್ವಾಹಕ ದಂಡಾಧಿಕಾರಿಯ ಮುಂದೆ ನಿಲ್ಲಿಸುತ್ತಾರೆ. ಅಚ್ಚಾದ ನಮೂನೆ, ಅದರಲ್ಲಿ ಹೆಸರು ಮತ್ತು ಮೊತ್ತ ಮಾತ್ರ ಕೈಬರಹ. 'ಏನಾಗಂಗಿಲ್ಲ, ರುಜು ಹಾಕ್ರಿ' ಎಂದು ಪಕ್ಕದಲ್ಲಿ ಯಾರೋ ಹೇಳುತ್ತಾರೆ. ಏನೂ ಆಗದಿದ್ದರೆ ರುಜು ಯಾಕೆ ಬೇಕಿತ್ತು? ಶಾಂತಿ ಕಾಪಾಡುವೆನೆಂಬ ಆ ಮುಚ್ಚಳಿಕೆ ಒಂದು ವರ್ಷದವರೆಗೂ ಕುತ್ತಿಗೆಗೆ ಬೀಳಬಹುದು. ಮುರಿದರೆ ಹಣ ಮುಟ್ಟುಗೋಲು, ಕೆಲವೊಮ್ಮೆ ಸೆರೆವಾಸವೂ ಉಂಟು.

ಇಂಥ ಮುಚ್ಚಳಿಕೆಯ ದೊಡ್ಡ ಕಥೆ ನಮ್ಮ ಬೆಳಗಾವಿಗೂ ಸೇರಿದ್ದು. 1916ರಲ್ಲಿ ತಿಲಕರು ಬೆಳಗಾವಿಯಲ್ಲಿ ಒಂದು, ಅಹ್ಮದ್‌ನಗರದಲ್ಲಿ ಎರಡು ಹೋಮ್ ರೂಲ್ ಭಾಷಣ ಮಾಡಿದರು. ಪುಣೆಯ ಜಿಲ್ಲಾ ಮ್ಯಾಜಿಸ್ಟ್ರೇಟರು 107ರ ಪಕ್ಕದ 108ನೇ ಕಲಮಿನಡಿ 20,000 ರೂಪಾಯಿಯ ಮುಚ್ಚಳಿಕೆ, ತಲಾ 10,000ದ ಇಬ್ಬರು ಜಾಮೀನುದಾರರನ್ನು ಕೇಳಿದರು. ತಿಲಕರ ಪರ ವಾದಿಸಿದವರು ಜಿನ್ನಾ. ಬಿಡಿ ವಾಕ್ಯ ಹೆಕ್ಕದೆ ಭಾಷಣವನ್ನು ಇಡಿಯಾಗಿ ಓದಿದ ಬೊಂಬಾಯಿ ಹೈಕೋರ್ಟು ನವೆಂಬರಿನಲ್ಲಿ ಆ ಆದೇಶವನ್ನು ರದ್ದು ಮಾಡಿತು. ನಮ್ಮ ನಳದ ಜಗಳಕ್ಕೂ ಇದೇ ಅಳತೆ. 'ಪರಸ್ಪರ ಬೈದಾಡಿಕೊಂಡಿದ್ದಾರೆ' ಎಂಬ ಒಂದು ಸಾಲಿನ ವರದಿ ಸಾಲದು. ಯಾವ ದಿನ, ಯಾವ ಮಾತು, ನಾಳೆಯೂ ಗಲಾಟೆ ಆದೀತೆನ್ನಲು ಆಧಾರವೇನು ಎಂದು ಕೇಳಬೇಕು.

1970ರಲ್ಲಿ ಮಧು ಲಿಮಯೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 107ನೇ ಕಲಮನ್ನು ಉಳಿಸಿತು, ಆದರೆ ಹಗ್ಗ ಬಿಗಿದು: ವಿಚಾರಣೆ ಶುರುವಾಗದೆ ಮಧ್ಯಂತರ ಮುಚ್ಚಳಿಕೆ ಕೇಳುವಂತಿಲ್ಲ. ಅದಕ್ಕೂ ಮೊದಲು ಮಾಹಿತಿಯ ಸಾರಾಂಶ, ಮೊತ್ತ, ಅವಧಿ ಇರುವ ಲಿಖಿತ ಆದೇಶ ನಿಮ್ಮ ಕೈಗೆ ಬರಬೇಕು. ಅದನ್ನು ಕೇಳಿ ಪಡೆಯಿರಿ. ವರದಿ ಬರೆದ ಪೊಲೀಸರನ್ನು ಪಾಟೀಸವಾಲು ಮಾಡುವ ಹಕ್ಕು ನಿಮಗಿದೆ. ಗೋಡೆಯ ತಕರಾರು ಸಿವಿಲ್ ಕೋರ್ಟಿನಲ್ಲಿದ್ದರೆ ಆ ಕಾಗದ, ಮೊಬೈಲಿನ ವಿಡಿಯೊ, ಎದುರುಮನೆಯವರ ಸಾಕ್ಷ್ಯ ಒದಗಿಸಿ. ವಿಚಾರಣೆ ಆರು ತಿಂಗಳಲ್ಲಿ ಮುಗಿಯದಿದ್ದರೆ, ವಿಶೇಷ ಕಾರಣ ಬರೆದು ಮುಂದುವರಿಸಿದ ಹೊರತು, ತಾನಾಗಿಯೇ ಬಿದ್ದುಹೋಗುತ್ತದೆ.

ಬೈಗುಳದ್ದೇ ಬೇರೆ ಕೇಸು: ಹಳೆಯ ಭಾರತೀಯ ದಂಡ ಸಂಹಿತೆಯ 504, ಈಗ ಭಾರತೀಯ ನ್ಯಾಯ ಸಂಹಿತೆಯ 352. ಅಲ್ಲಿ ಬರೀ ಕೆಟ್ಟ ಮಾತು ಸಾಲದು. ಕೇಳಿದವನು ಶಾಂತಿ ಕದಡಲೆಂದೇ, ಇಲ್ಲವೇ ಕದಡಬಹುದೆಂದು ತಿಳಿದೇ ಕೆಣಕಿರಬೇಕು. ಅದು ಅಸಂಜ್ಞೇಯ ಅಪರಾಧ. ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ.

ಇಷ್ಟಾದರೂ ಮುಚ್ಚಳಿಕೆಯ ಅಂತಿಮ ಆದೇಶ ನಿಮಗೆ ವಿರುದ್ಧವಾದರೆ ಸೆಷನ್ಸ್ ನ್ಯಾಯಾಲಯಕ್ಕೆ ಮೇಲ್ಮನವಿ ಉಂಟು. ಅದಕ್ಕಿರುವ ಗಡುವು 30 ದಿನ.